ದೀರ್ಘದ ಬಲಕ್ಕೆ ಒಂದೆಳೆ ಜಾಗ

ಮುದ್ರಣವೆಂಬ ಕಸುಬಿನಲ್ಲಿ ಅಕ್ಷರ ಕೊರೆದವರ ಹೆಸರು ಉಳಿಯುತ್ತದೆ, ಯಂತ್ರ ತಂದವರ ಹೆಸರು ಉಳಿಯುತ್ತದೆ, ಪುಸ್ತಕ ಬರೆದವರ ಹೆಸರಂತೂ ಹೊದಿಕೆಯ ಮೇಲೆಯೇ ಇರುತ್ತದೆ. ಆದರೆ ಒಂದಕ್ಷರಕ್ಕೂ ಅದರ ಪಕ್ಕದ ಅಕ್ಷರಕ್ಕೂ ನಡುವೆ ಎಷ್ಟು ಜಾಗವಿರಬೇಕೆಂದು ಬದುಕೆಲ್ಲ ತಲೆಕೆಡಿಸಿಕೊಂಡವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ, ಏಕೆಂದರೆ ಅವರ ಕೆಲಸ ಸರಿಯಾದಷ್ಟೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೀಗೆ ಕಣ್ಣಿಗೆ ಬೀಳದ ಕೆಲಸದಲ್ಲಿ ನಲವತ್ತೊಂದು ವರ್ಷ ಸವೆಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಹಿರಿಯರನ್ನು ನಮ್ಮ ಮುದ್ರಣಾಲಯದಲ್ಲಿ ಯಜಮಾನರಿಂದ ಹಿಡಿದು ಕಾಗದದ ಗಾಡಿ ತಳ್ಳುವವರವರೆಗೆ ಎಲ್ಲರೂ ಕರೆಯುವುದು ಎಳೆಯಣ್ಣ ಎಂದೇ. ಯಾವ ಕರಡು ಕೈಗೆ ಕೊಟ್ಟರೂ ಅವರ ಬಾಯಿಂದ ಮೊದಲು ಬರುವ ಮಾತು “ಇಲ್ಲಿ ಒಂದೆಳೆ ಜಾಸ್ತಿ ಆಯ್ತಲ್ಲ” ಎಂಬುದಾದ್ದರಿಂದ ಆ ಹೆಸರು ಅಂಟಿಕೊಂಡಿತು. ಅತ್ತಿಗೆಯವರೊಬ್ಬರು ಮಾತ್ರ, ಕಟ್ಟಿಕೊಂಡ ಗಂಡನನ್ನು ಅಣ್ಣ ಎನ್ನಲಾಗದೆ, “ನಿಮ್ಮ ಎಳೆಯಣ್ಣ” ಎಂದು ಅವರನ್ನು ನಮ್ಮ ತಲೆಗೇ ಕಟ್ಟುತ್ತಾರೆ.

ಅವರ ಅಭಿನಂದನ ಗ್ರಂಥಕ್ಕೆಂದು ಬರೆದ ಈ ಲೇಖನದಲ್ಲಿ ‘ಶಿಷ್ಯೆ’ ಎಂದು ಬರುವವಳು ಇದನ್ನು ಬರೆಯುತ್ತಿರುವವಳೇ. ಗುರುವನ್ನು ಹೊಗಳುವ ನೆಪದಲ್ಲಿ ತಮ್ಮ ಬೆನ್ನನ್ನೇ ತಟ್ಟಿಕೊಳ್ಳುವ ಲೇಖನಗಳನ್ನು ಅಚ್ಚು ಹಾಕಿ ಹಾಕಿ ಸಾಕಾಗಿರುವುದರಿಂದ ಅವಳು ತನ್ನನ್ನು ತುಸು ದೂರ ನಿಲ್ಲಿಸಿಕೊಂಡಿದ್ದಾಳೆ, ಅಷ್ಟೇ.

ಎಳೆಯಣ್ಣನವರು ನಮ್ಮಲ್ಲಿಗೆ ಬರುವ ಮುಂಚೆ ಬೇರೊಂದು ಸಣ್ಣ ಅಚ್ಚುಕೂಟದಲ್ಲಿ ಎರಡು ವರ್ಷ ಸೀಸದ ಮೊಳೆ ಜೋಡಿಸಲು ಕಲಿತರು. ಅಲ್ಲಿ ಕಲಿಸಿದವರು ದೊಡ್ಡಕ್ಕ ಎಂಬ ಹೆಸರಿನ ಕಂಪೋಸಿಟರು. ಮಾತು ಕಡಿಮೆ, ಕೈ ಬಿರುಸು, ತಪ್ಪು ಕಂಡರೆ ಮೊಳೆ ಜೋಡಿಸುವ ಸ್ಟಿಕ್ಕಿನಿಂದಲೇ ಬೆರಳ ಗೆಣ್ಣಿಗೆ ಒಂದು ಏಟು. ಅಕ್ಷರಗಳ ನಡುವೆ ಸಿಕ್ಕಿಸಲು ತೆಳು ಕಾಗದದ ಪಟ್ಟಿಗಳನ್ನು ಕತ್ತರಿಸಿ ಅವರೊಂದು ತಗಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರಂತೆ. ದುಂಡಕ್ಷರದ ಪಕ್ಕ ಒಂದು, ನೆಟ್ಟಗೆ ನಿಲ್ಲುವ ಅಕ್ಷರದ ಪಕ್ಕ ಎರಡು, ಹೀಗೆ. ಏಕೆ ಎಂದು ಕೇಳಿದರೆ “ಹಾಕು ಅಂದ್ರೆ ಹಾಕು” ಎನ್ನುತ್ತಿದ್ದರಂತೆ. ಎಳೆಯಣ್ಣನವರು ದೊಡ್ಡಕ್ಕನ ಬಗ್ಗೆ ನಮಗೆ ಹೇಳುತ್ತಿದ್ದುದು ಇಷ್ಟೇ, ಅದೂ ಗೆಣ್ಣು ಸವರಿಕೊಂಡು ನಗುತ್ತ.

ಆಮೇಲೆ ನಮ್ಮಲ್ಲಿ ಅವರು ಮೊಳೆ ಜೋಡಿಸಿದರು, ಕರಡು ತಿದ್ದಿದರು, ಮೊಳೆಗಳೆಲ್ಲ ತೂಕಕ್ಕೆ ಹೋಗಿ ಕಂಪ್ಯೂಟರು ಬಂದಾಗ ಅದರ ಮುಂದೆ ಕುಳಿತು ಮೂರು ದಿನ ಮಾತಾಡದೆ ನೋಡಿದರು. ಪರದೆಯ ಮೇಲೆ ಅಕ್ಷರಗಳು ಒಂದು ಕಡೆ ಹಲ್ಲು ಬಿದ್ದ ಬಾಯಂತೆ, ಇನ್ನೊಂದು ಕಡೆ ಬಸ್ಸಿನ ಬಾಗಿಲಲ್ಲಿ ನುಗ್ಗುವ ಜನರಂತೆ ನಿಂತಿದ್ದವು. ಅದನ್ನು ಸರಿಮಾಡಲು ಅವರೊಂದು ಉಪಾಯ ಕಂಡುಕೊಂಡರು: ಪ್ರತಿಯೊಂದು ಅಕ್ಷರವನ್ನೂ ಎರಡು ಠಕಾರಗಳ ನಡುವೆ ನಿಲ್ಲಿಸುವುದು, ಕಣ್ಣಿಗೆ ಸಮ ಎನ್ನಿಸುವವರೆಗೆ ಆಚೀಚೆ ಸರಿಸುವುದು, ಸಮವಾದಾಗ ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಬರೆದಿಡುವುದು. ನಾಲ್ಕು ವರ್ಷ ಹೀಗೆ ಬರೆದು ಬರೆದು ಒಂದು ದೊಡ್ಡ ಕೋಷ್ಟಕವೇ ಆಯಿತು. ಯಾವ ಎರಡು ಅಕ್ಷರ ಪಕ್ಕಪಕ್ಕ ಬಂದರೂ ಒಂದರ ಬಲದ ಅಂಕಿಗೆ ಇನ್ನೊಂದರ ಎಡದ ಅಂಕಿ ಕೂಡಿದರೆ ಸಾಕು, ಸಾಲು ಸಮವಾಗುತ್ತಿತ್ತು. ಹದಿನೈದು ವರ್ಷಗಳ ಹಿಂದೆ ಯಜಮಾನರು ಈ ವಿಧಾನಕ್ಕೆ ಎಳೆಯಣ್ಣನವರ ಹೆಸರಿನಲ್ಲಿ ಪೇಟೆಂಟು ಮಾಡಿಸಿದರು. ನಮ್ಮ ಅನುಮತಿಯಿಲ್ಲದೆ ಬೇರೆ ಯಾರೂ ಅದನ್ನು ಬಳಸುವಂತಿರಲಿಲ್ಲ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದವರು ಅತ್ತಿಗೆ.

ಶಿಷ್ಯೆ ಸೇರಿದ್ದು ಅದಾದ ಎರಡು ವರ್ಷಕ್ಕೆ. ಬಂದ ಆರನೆಯ ತಿಂಗಳಲ್ಲಿ ಅವಳು ಕೋಷ್ಟಕದಲ್ಲೊಂದು ತಪ್ಪು ಹಿಡಿದಳು. ಕೀ, ಕೇ, ಕೋಗಳ ಬಲಕ್ಕೆ ನಿಲ್ಲುವ ದೀರ್ಘದ ಗುರುತಿದೆಯಲ್ಲ, ಅದರ ಬಲಗಡೆಯ ಅಂಕಿ ಒಂದೆಳೆ ಹೆಚ್ಚಿತ್ತು. ಅಳೆದರೆ ಮಾತ್ರ ಗೊತ್ತಾಗುವಷ್ಟು. ಹೇಳಲೋ ಬೇಡವೋ ಎಂದು ಎರಡು ವಾರ ಒದ್ದಾಡಿ ಕೊನೆಗೆ ಚೀಟಿಯಲ್ಲಿ ಬರೆದು ಅವರ ಮೇಜಿನ ಮೇಲಿಟ್ಟು ಓಡಿಬಂದಳು. ಎಳೆಯಣ್ಣನವರು ಅರ್ಧ ಗಂಟೆ ಅಳೆದರು. ಆಮೇಲೆ ಎದ್ದುನಿಂತು ಇಡೀ ವಿಭಾಗಕ್ಕೆ ಕೇಳುವಂತೆ, “ಇಲ್ನೋಡ್ರಪ್ಪಾ, ಇಷ್ಟು ವರ್ಷ ನಾನು ನಿಮ್ಮ ಕಿವಿ ಹಿಂಡಿದ್ದಾಯ್ತು, ಇವತ್ತು ಈ ತಂಗಿ ನನ್ನ ಕಿವಿ ಹಿಂಡಿದಾಳೆ” ಎಂದರು. ಅಂದಿನಿಂದ ಅವಳ ಮೇಜು ಅವರ ಮೇಜಿನ ಪಕ್ಕಕ್ಕೆ ಬಂತು. ಪೇಟೆಂಟಿನ ದಾಖಲೆಯಲ್ಲಿ ಸೇರಿಹೋದ ಅಂಕಿಯನ್ನು ಮುಟ್ಟಬಾರದೆಂದು ವಕೀಲರು ಹೇಳಿದ್ದರಿಂದ ತಪ್ಪು ತಪ್ಪಾಗಿಯೇ ಉಳಿಯಿತು. ಕೋಷ್ಟಕಕ್ಕೆ ಅಣ್ಣ ಇಟ್ಟ ದೃಷ್ಟಿಬೊಟ್ಟು ಎಂದು ನಾವು ತಮಾಷೆ ಮಾಡಿಕೊಂಡು ಸುಮ್ಮನಾದೆವು.

ಆ ದೃಷ್ಟಿಬೊಟ್ಟೇ ಒಂದು ದಿನ ನಮ್ಮ ಪಾಲಿನ ಸಾಕ್ಷಿಯಾಯಿತು. ಆರು ವರ್ಷಗಳ ಹಿಂದೆ, ನಮಗಿಂತ ಎಷ್ಟೋ ಪಟ್ಟು ದೊಡ್ಡದಾದ ಕಂಪನಿಯೊಂದು ಹೊಸ ಫಾಂಟುಗಳನ್ನು ಹೊರತಂದು ಕೇಳಿದವರಿಗೆಲ್ಲ ಪುಕ್ಕಟೆ ಹಂಚತೊಡಗಿತು. ಸಾಲುಗಳು ಮುತ್ತು ಪೋಣಿಸಿದಂತೆ ಸಮ. ಶಿಷ್ಯೆ ಅಳೆದು ನೋಡಿದಳು: ದೀರ್ಘದ ಬಲಕ್ಕೆ ಒಂದೆಳೆ ಹೆಚ್ಚು! ನಕಲು ಮಾಡಿದವರು ತಪ್ಪನ್ನೂ ಬಿಡದೆ ನಕಲು ಮಾಡಿದ್ದರು. ಯಜಮಾನರು ಮೇಜು ಗುದ್ದಿ, “ಸಿಕ್ಕಿಬಿದ್ದ್ರು ಕಳ್ಳರು” ಎಂದರು. ದಾವೆ ಹೂಡಲಾಯಿತು. ನಮ್ಮ ಅಕ್ಷರ ವಿಭಾಗದಲ್ಲಿ ಆಗ ಹನ್ನೊಂದು ಜನ. ನಮ್ಮ ಫಾಂಟುಗಳನ್ನು ಜನ ಹುಡುಕಿಕೊಂಡು ಬರುತ್ತಿದ್ದುದೇ ಆ ಸಮಸಾಲಿಗಾಗಿ. ಪೇಟೆಂಟು ಬಿದ್ದರೆ ವಿಭಾಗವೂ ಬಿದ್ದಂತೆ ಎಂಬುದು ಎಲ್ಲರಿಗೂ ತಿಳಿದಿತ್ತು.

ವಿಚಾರಣೆಗೆ ಹತ್ತು ದಿನ ಮುಂಚೆ ಎದುರು ಪಕ್ಷದವರು ಒಂದು ಹಳೆಯ ಪುಸ್ತಕದ ಮೂರು ಪುಟಗಳ ನಕಲು ಪ್ರತಿಯನ್ನು ಕಳಿಸಿದರು. ಸೈಕಲ್ ರಿಪೇರಿಯ ಕೈಪಿಡಿ, ನಮ್ಮ ಪೇಟೆಂಟಿಗಿಂತ ಇಪ್ಪತ್ತಾರು ವರ್ಷ ಹಿಂದೆ ಅಚ್ಚಾದದ್ದು, ಅಚ್ಚುಕೂಟದ ಹೆಸರಿದ್ದ ಪುಟ ಹರಿದುಹೋಗಿದೆ. ಅಕ್ಷರಗಳನ್ನು ಸಮವಾಗಿ ಜೋಡಿಸುವುದು ಆಗಲೇ ಇತ್ತು, ಇದರಲ್ಲಿ ಹೊಸದೇನಿದೆ ಎಂಬುದು ಅವರ ವಾದ. ನಮ್ಮ ವಕೀಲರು ಗಾಬರಿಯಾಗಲಿಲ್ಲ. ನುರಿತ ಕೈ ಕಣ್ಣಂದಾಜಿನಲ್ಲೇ ಸಮ ಮಾಡಿದ್ದರೆ ಅದರಿಂದ ನಮಗೆ ಬಾಧಕವಿಲ್ಲ, ಗೊತ್ತಾದ ಲೆಕ್ಕದ ಮೇಲೆ ಮಾಡಿದ್ದರೆ ಮಾತ್ರ ಕಷ್ಟ, ಎಂದು ವಿವರಿಸಿ, ಎರಡರಲ್ಲಿ ಯಾವುದೆಂದು ನೋಡಿ ಲಿಖಿತ ಅಭಿಪ್ರಾಯ ಕೊಡಿ ಎಂದರು. ಎಳೆಯಣ್ಣನವರು ಆಗಷ್ಟೇ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಯಲ್ಲಿದ್ದರು. “ತಂಗಿ ನೋಡಿದ್ರೆ ನಾನು ನೋಡಿದ ಹಾಗೇ” ಎಂದು ಹೇಳಿ ಕಳಿಸಿದರು. ಶಿಷ್ಯೆ ನೋಡಿದಳು. ಕಣ್ಣಂದಾಜಿನ ಕೆಲಸವೆಂದು ಬರೆದು ಸಹಿ ಹಾಕಿದಳು.

ವಿಚಾರಣೆ ನಡೆದದ್ದು ಎರಡನೆಯ ಮಹಡಿಯ ಒಂದು ಇಕ್ಕಟ್ಟಾದ ಕೋಣೆಯಲ್ಲಿ. ಕಿಟಕಿಯ ಬಾಗಿಲು ಬಣ್ಣ ಬಳಿದು ಬಳಿದು ಅಂಟಿಕೊಂಡು ತೆರೆಯದಂತಾಗಿತ್ತು. ಫ್ಯಾನು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತಿತ್ತು. ಹನ್ನೊಂದು ಜನರೂ ಅರ್ಧ ದಿನದ ರಜೆ ಹಾಕಿ ಬಂದು ಹಿಂದಿನ ಬೆಂಚುಗಳಲ್ಲಿ ಒತ್ತಿಕೊಂಡು ಕುಳಿತಿದ್ದರು. ಎಳೆಯಣ್ಣನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕಟಕಟೆಯಲ್ಲಿ ನಿಂತರು. ಎದುರು ಪಕ್ಷದ ವಕೀಲೆ ಬಹಳ ಮರ್ಯಾದಸ್ಥೆ. ಪಾಟೀ ಸವಾಲನ್ನೂ ಕ್ಷೇಮಸಮಾಚಾರ ಕೇಳುವ ದನಿಯಲ್ಲೇ ಮಾಡಿದರು. ಕೊನೆಗೆ ಆ ಸೈಕಲ್ ಪುಸ್ತಕವನ್ನೇ, ನಕಲನ್ನಲ್ಲ, ಎಳೆಯಣ್ಣನವರ ಕೈಗಿತ್ತರು.

“ಇದು ಕಣ್ಣಂದಾಜಿನ ಕೆಲಸ ಅಂತ ನಿಮ್ಮ ಶಿಷ್ಯೆ ಬರೆದುಕೊಟ್ಟಿದಾರೆ. ನೀವೂ ಅದನ್ನೇ ಹೇಳ್ತೀರಾ?”

ಹೌದು ಎಂಬ ಒಂದೇ ಒಂದು ಮಾತು ಸಾಕಿತ್ತು. ನಮ್ಮ ವಕೀಲರು ಆಗಲೇ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದರು. ಎಳೆಯಣ್ಣನವರು ಜೇಬಿನಿಂದ ಭೂತಗನ್ನಡಿ ತೆಗೆದು ಪುಟದ ಮೇಲಿಟ್ಟು ಬಗ್ಗಿದರು. ಒಂದು ಸಾಲು ನೋಡಿದರು, ಇನ್ನೊಂದು ನೋಡಿದರು, ಪುಟ ತಿರುವಿದರು. ಅವರ ಕಿವಿಯ ತುದಿ ಬೆಳ್ಳಗಾದದ್ದು ಹಿಂದಿನ ಬೆಂಚಿಗೂ ಕಂಡಿತು. ನ್ಯಾಯಾಧೀಶರು ಕುರ್ಚಿ ಬೇಕೇ ಎಂದು ಕೇಳಿದರು. ಅವರು ಬೇಡವೆಂದು ತಲೆಯಾಡಿಸಿದರು.

“ಇದು ಕಣ್ಣಂದಾಜಲ್ಲ ಸ್ವಾಮಿ. ಲೆಕ್ಕ. ನನ್ನ ಕೋಷ್ಟಕದಲ್ಲಿರೋದೇ ಲೆಕ್ಕ. ದೀರ್ಘದ ಬಲಕ್ಕೆ ಒಂದೆಳೆ ಜಾಸ್ತಿ ಇದೆ, ಎಲ್ಲಾ ಕಡೆ ಒಂದೇ ಸಮ ಇದೆ. ಕಣ್ಣಂದಾಜಿಂದು ಆಗಿದ್ರೆ ಒಂದೊಂದು ಕಡೆ ಒಂದೊಂದು ಥರ ಇರ್ತಿತ್ತು.” ಅವರು ಭೂತಗನ್ನಡಿ ಎತ್ತಿಕೊಂಡರು. “ಇದು ದೊಡ್ಡಕ್ಕನ ಕೈ. ಈ ಪುಸ್ತಕಕ್ಕೆ ಪಟ್ಟಿ ಕತ್ತರಿಸಿಕೊಟ್ಟವನು ನಾನೇ, ಮರ್ತೇಹೋಗಿತ್ತು. ನಾಲ್ಕು ವರ್ಷ ಕೂತು ನಾನೇನೋ ಕಂಡುಹಿಡಿದೆ ಅಂದ್ಕೊಂಡಿದ್ದೆ. ಅವರು ನನ್ನ ಕಣ್ಣಿಗೆ ಕಲ್ಸಿದ್ದನ್ನ ಅಳೆದು ಬರ್ಕೊಂಡಿದೀನಿ, ಅಷ್ಟೇ.”

ನಮ್ಮ ವಕೀಲರ ಕೈಯಲ್ಲಿನ ಕಾಗದಗಳು ಜಾರಿ ನೆಲಕ್ಕೆ ಹರಡಿದವು. ಎತ್ತಿಕೊಳ್ಳಬೇಕೆಂದು ಅವರಿಗೂ ಹೊಳೆಯಲಿಲ್ಲ, ಪಕ್ಕದವರಿಗೂ ಹೊಳೆಯಲಿಲ್ಲ. ಎದುರು ಪಕ್ಷದ ವಕೀಲೆಯೇ ಕಕ್ಕಾಬಿಕ್ಕಿಯಾಗಿ “ಏನಂದ್ರಿ?” ಎಂದು ಕೇಳಿಬಿಟ್ಟರು, ಪಾಪ, ಕೈಗೊಂದು ಹಿಡಿ ಬೇಡಿ ಹೋದವರ ತಲೆಯ ಮೇಲೆ ಮೂಟೆಯೇ ಬಿದ್ದಿತ್ತು. ವಕೀಲೆ ಸಾವರಿಸಿಕೊಂಡು ಮುಂದಿನ ಪ್ರಶ್ನೆ ಹಾಕಿದರು:

“ಹಾಗಾದ್ರೆ ನಿಮ್ಮ ಶಿಷ್ಯೆ ಬರೆದುಕೊಟ್ಟಿದ್ದು ಸುಳ್ಳಾ?”

“ಅದು ಸುಳ್ಳಲ್ಲಮ್ಮಾ,” ಎಂದರು ಎಳೆಯಣ್ಣನವರು, ತಡವರಿಸದೆ. “ಅವಳಿಗೆ ನೀವು ಕೊಟ್ಟಿದ್ದು ನಕಲು ಪ್ರತಿ. ನಕಲಲ್ಲಿ ಎಳೆ ಕಾಣಲ್ಲ.”

ಮೂರು ತಿಂಗಳಲ್ಲಿ ಪೇಟೆಂಟು ರದ್ದಾಯಿತು. ಕುಳಿತ ಕೊಂಬೆಯನ್ನೇ ಕಡಿದುಕೊಂಡ ಮಹಾನುಭಾವರೆಂದು ಜನ ಆಡಿಕೊಂಡರು. ಹನ್ನೊಂದು ಜನರಲ್ಲಿ ಆರು ಮಂದಿ ಬೇರೆ ಕೆಲಸ ನೋಡಿಕೊಂಡು ಹೋದರು. ಅವರಲ್ಲಿ ಇಬ್ಬರು ಇಂದಿಗೂ ಎಳೆಯಣ್ಣನವರನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ಇದನ್ನು ಅಭಿನಂದನ ಗ್ರಂಥದಲ್ಲಿ ಬರೆಯಬಾರದೆಂದು ಸಂಪಾದಕರು ಹೇಳಿದರು, ಬರೆಯದಿದ್ದರೆ ಉಳಿದದ್ದನ್ನೂ ಬರೆಯುವುದಿಲ್ಲವೆಂದು ಶಿಷ್ಯೆ ಹೇಳಿದಳು. ಯಜಮಾನರು ಒಂದು ವರ್ಷ ಅವರೊಡನೆ ಮಾತು ಬಿಟ್ಟರು. ಆದರೆ ಅವರನ್ನು ಕೆಲಸದಿಂದ ತೆಗೆಯುವ ಪತ್ರವನ್ನು ಟೈಪು ಮಾಡಿಸಿದವರು ಸಹಿ ಹಾಕದೆ ಖಾನೆಯಲ್ಲೇ ಇಟ್ಟುಕೊಂಡರು. ಅತ್ತಿಗೆ ನಡುಮನೆಯ ಚೌಕಟ್ಟನ್ನು ಕೆಳಗಿಳಿಸಿ, ಪ್ರಮಾಣಪತ್ರ ತೆಗೆದು, ಅದರಲ್ಲಿ ಮೊಮ್ಮಗುವಿನ ಫೋಟೋ ಹಾಕಿದರು. “ಚೌಕಟ್ಟು ಏನು ಮಾಡ್ತು ಪಾಪ” ಎಂದರಂತೆ.

ತೀರ್ಪು ಬಂದ ಮಾರನೆಯ ವಾರ ಎಳೆಯಣ್ಣನವರು ದೊಡ್ಡಕ್ಕನನ್ನು ಹುಡುಕಿಕೊಂಡು ಹೊರಟರು. ಜೊತೆಗೆ ಶಿಷ್ಯೆಯನ್ನು ಕರೆದರು. ಅವಳು ಹೋದಳು, ಬಸ್ಸಿನಲ್ಲಿ ಎರಡು ಗಂಟೆ ಒಂದು ಮಾತೂ ಆಡಲಿಲ್ಲ. ದೊಡ್ಡಕ್ಕ ತಂಗಿಯ ಮಗಳ ಮನೆಯ ಹಿಂಗೋಣೆಯಲ್ಲಿದ್ದರು. ಎಂಬತ್ತರ ಅಂಚು, ಕಿವಿ ಮಂದ, ಬೆರಳು ಮಾತ್ರ ಮಂಚದ ಅಂಚಿನ ಮೇಲೆ ಏನನ್ನೋ ಜೋಡಿಸುತ್ತಲೇ ಇದ್ದವು. ಎಳೆಯಣ್ಣನವರು ನೆಲದ ಮೇಲೆ ಕುಳಿತು, ಪೇಟೆಂಟು, ದಾವೆ, ಸೈಕಲ್ ಪುಸ್ತಕ ಎಲ್ಲವನ್ನೂ ಗಟ್ಟಿ ದನಿಯಲ್ಲಿ ಹೇಳಿ, “ನಿಮ್ಮದನ್ನ ನಂದು ಅಂದ್ಕೊಂಡ್ಬಿಟ್ಟೆ ಅಕ್ಕಾ, ತಪ್ಪಾಯ್ತು” ಎಂದರು. ಆ ಮುದುಕಿ ಹಿಡಿದುಕೊಂಡಿದ್ದು ಬೇರೆಯದೇ ಮಾತನ್ನು.

“ದೀರ್ಘದ ಪಕ್ಕ ಜಾಸ್ತಿ ಇತ್ತು ಅಂದ್ಯಾ? ಇರುತ್ತೆ ಬಿಡು. ತೆಳು ಕಾಗದ ಮುಗಿದಿತ್ತು, ನೋಟುಬುಕ್ಕಿನ ಹೊದಿಕೆ ಕತ್ತರಿಸಿ ಹಾಕಿದ್ದೆ. ದಪ್ಪ ಅಂತ ಅವತ್ತೇ ಗೊತ್ತಿತ್ತು ಕಣೋ.”

“ಮತ್ತೆ ಯಾಕಕ್ಕಾ ಬಿಟ್ರಿ?”

“ನೀನು ಹಿಡೀತೀಯಾ ಅಂತ ನೋಡ್ತಿದ್ದೆ. ಎರಡು ವರ್ಷ ನೋಡಿದೆ. ಹಿಡೀಲೇ ಇಲ್ಲ, ಮುಠ್ಠಾಳ.”

ಕೋರ್ಟಿನಲ್ಲಿ ಅಷ್ಟು ಜನರ ಎದುರು ನೆಟ್ಟಗೆ ನಿಂತ ಮನುಷ್ಯ ಆ ಹಿಂಗೋಣೆಯ ನೆಲದ ಮೇಲೆ ಸೋತು ಕುಳಿತರು. ಆಮೇಲೆ ನಗಲು ಶುರುಮಾಡಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಶಿಷ್ಯೆಯನ್ನು ಮುಂದಕ್ಕೆ ತಳ್ಳಿ, “ಹಿಡಿದಿದ್ದು ಇವಳು ಅಕ್ಕಾ, ಆರೇ ತಿಂಗಳಿಗೆ ಹಿಡಿದ್ಳು” ಎಂದರು. ದೊಡ್ಡಕ್ಕ ಶಿಷ್ಯೆಯ ಗಲ್ಲ ಹಿಡಿದು ಬಹಳ ಹೊತ್ತು ನೋಡಿದರು. ಅಂದಿನಿಂದ ಎರಡು ವರ್ಷ, ಆ ತಾಯಿ ತೀರಿಕೊಳ್ಳುವವರೆಗೆ, ಎಳೆಯಣ್ಣನವರು ಪ್ರತಿ ರಜಾದಿನವೂ ಅಲ್ಲಿಗೆ ಹೋಗಿ ಅವರ ಕೆಲಸದ ರೀತಿಯನ್ನೆಲ್ಲ ಕೇಳಿ ಕೇಳಿ ಬರೆದುಕೊಂಡರು. ಎಂಟು ನೋಟುಬುಕ್ಕುಗಳಾಗಿವೆ. ಪ್ರತಿಯೊಂದರ ಮೇಲೂ ದೊಡ್ಡಕ್ಕನ ಹೆಸರಿದೆ, ತಮ್ಮ ಹೆಸರು ಒಂದರ ಮೇಲೂ ಇಲ್ಲ.

ಇಲ್ಲಿಗೆ ಈ ಲೇಖನ ಮುಗಿದಿದ್ದರೆ ಗ್ರಂಥಕ್ಕೂ ಶೋಭೆ, ಬರೆದವಳಿಗೂ ಕ್ಷೇಮ. ಆದರೆ ಗುರುಗಳು ನ್ಯಾಯಾಲಯದಲ್ಲಿ ಆಡಿದ ಮಾತುಗಳಲ್ಲಿ ಒಂದು ಮಾತು ನಿಜವಲ್ಲ, ಮತ್ತು ಅದು ನಿಜವಲ್ಲವೆಂದು ಹೇಳಬೇಕಾದವಳು ಶಿಷ್ಯೆಯೇ.

ನಕಲು ಪ್ರತಿ ಸ್ಪಷ್ಟವಾಗಿತ್ತು. ಎಳೆ ಕಾಣುತ್ತಿತ್ತು. ಆ ಮೂರು ಪುಟಗಳಲ್ಲಿ ಇಪ್ಪತ್ತನಾಲ್ಕು ಕಡೆ ದೀರ್ಘವಿತ್ತು. ಶಿಷ್ಯೆ ಇಪ್ಪತ್ತನಾಲ್ಕನ್ನೂ ಅಳೆದು ಒಂದೊಂದರ ಕೆಳಗೂ ಪೆನ್ಸಿಲಿನಿಂದ ಗೀಟು ಹಾಕಿದಳು. ಇಪ್ಪತ್ತನಾಲ್ಕೂ ಒಂದೇ ಅಳತೆ. ತನ್ನದೇ ಕಣ್ಣು ಹಿಡಿದಿದ್ದ ತಪ್ಪು ಅದು, ಅವಳಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಹನ್ನೊಂದು ಜನರ ಅನ್ನ ಕಣ್ಣ ಮುಂದೆ ಬಂತು, ಅವರಲ್ಲಿ ತಾನೂ ಒಬ್ಬಳೆಂಬುದು ಎಲ್ಲಕ್ಕಿಂತ ಮುಂದೆ ಬಂತು. ಗೀಟುಗಳನ್ನೆಲ್ಲ ರಬ್ಬರಿನಿಂದ ಅಳಿಸಿ ಅವಳು ಸಹಿ ಹಾಕಿದ್ದು ಆಮೇಲೆ. ಗುರುಗಳು ತನ್ನನ್ನು ಕಾಪಾಡಬೇಕೆಂದಲ್ಲ, ತನ್ನ ಮೇಲಿನ ನಂಬಿಕೆಯಿಂದಲೇ ಆ ಮಾತು ಹೇಳಿದಾಗ ಅವಳಿಗಾದ ಆಘಾತದ ಮುಂದೆ ಪೇಟೆಂಟು ಹೋದದ್ದು ಏನೂ ಅಲ್ಲ.

ವಿಚಾರಣೆಯ ಮಾರನೆಯ ಬೆಳಿಗ್ಗೆ ಎಳೆಯಣ್ಣನವರು ಆ ನಕಲು ಪ್ರತಿಯನ್ನು ತರಿಸಿಕೊಂಡರು. ಭೂತಗನ್ನಡಿಯಿಟ್ಟು ನೋಡಿದರು. ಬಳಿಕ ಕಿಟಕಿಯ ಬೆಳಕಿಗೆ ಹಾಳೆಯನ್ನು ಓರೆ ಹಿಡಿದರು. ಅಳಿಸಿದ ಪೆನ್ಸಿಲಿನ ಬಣ್ಣ ಹೋದರೂ ಕಾಗದದ ಮೇಲಿನ ತಗ್ಗು ಹೋಗುವುದಿಲ್ಲ, ಇದು ಕರಡು ತಿದ್ದುವವರಿಗೆಲ್ಲ ಗೊತ್ತಿರುವ ಸಂಗತಿ. ಅವರು ಹಾಳೆಯನ್ನು ಹಾಗೆಯೇ ಹಿಡಿದು ಬಹಳ ಹೊತ್ತು ನಿಂತರು. ತುಟಿಗಳು ಮೆಲ್ಲಗೆ ಆಡುತ್ತಿದ್ದವು, ಎಣಿಸುತ್ತಿದ್ದರು. ಆಮೇಲೆ ಹಾಳೆಗಳನ್ನು ಶಿಷ್ಯೆಯ ಕೈಗೆ ಕೊಟ್ಟು, “ಫೈಲಲ್ಲಿ ಇಡು ತಂಗಿ. ಎಸೀಬೇಡ” ಎಂದರು. ಈ ಆರು ವರ್ಷಗಳಲ್ಲಿ ಅದರ ಬಗ್ಗೆ ಅವರಾಡಿದ್ದು ಅಷ್ಟೇ. ಬೈಗುಳಕ್ಕಾಗಿ ಅವಳು ಕಾದಳು, ಬರಲಿಲ್ಲ. ಎಂಟು ತಿಂಗಳು ಸಿಟ್ಟಿನಿಂದ ಮುಖ ಕೊಟ್ಟು ಮಾತಾಡದೆ ಓಡಾಡಿದಳು. ಅವರು ಪ್ರತಿದಿನ ಅವಳ ಮೇಜಿನ ಮೇಲೆ ಚಹಾ ಇಡಿಸಿದರು. ಕಳೆದ ತಿಂಗಳು ಯಜಮಾನರು ನಿಮ್ಮ ಕುರ್ಚಿಗೆ ಯಾರು ಎಂದು ಕೇಳಿದಾಗ ಅವರು ಬರೆದುಕೊಟ್ಟಿದ್ದು ಅವಳ ಹೆಸರನ್ನು.

ಎಳೆಯಣ್ಣನವರು ಅತ್ತಿಗೆಯವರೊಡನೆ ಸುಖವಾಗಿ ಬಹುಕಾಲ ಬಾಳಲಿ. ಶಸ್ತ್ರಚಿಕಿತ್ಸೆಯಾದ ಕಣ್ಣು ನೂರರ ಗಡಿಯಲ್ಲೂ ಎಳೆಯನ್ನು ಗುರುತಿಸಲಿ. ದೊಡ್ಡಕ್ಕನ ಎಂಟು ನೋಟುಬುಕ್ಕುಗಳು ಅವರ ಕೈಯಿಂದಲೇ ಪುಸ್ತಕವಾಗಲಿ, ಅದನ್ನು ಅಚ್ಚು ಹಾಕುವ ಭಾಗ್ಯ ಈ ಮುದ್ರಣಾಲಯದ್ದಾಗಲಿ. ಆ ನಕಲು ಪ್ರತಿಯಿರುವ ಫೈಲು ಎಳೆಯಣ್ಣನವರ ಮೇಜಿನ ಎಡಗಡೆಯ ಖಾನೆಯಲ್ಲಿದೆ, ಯಜಮಾನರು ಯಾವಾಗ ಬೇಕಾದರೂ ತೆಗೆದು ನೋಡಬಹುದು. ಈ ಪುಟ ಓದಿದ ಮೇಲೆ ಇಬ್ಬರೂ ಆ ಕುರ್ಚಿಯ ವಿಷಯವನ್ನು ಇನ್ನೊಮ್ಮೆ ಯೋಚಿಸಿ ಹೇಳಲಿ. ಅಲ್ಲಿಯವರೆಗೆ ಶಿಷ್ಯೆ ಅದರಲ್ಲಿ ಕೂರುವುದಿಲ್ಲ.